ಕ್ಲ್ಯಾರಿಯನ್ ಕಮ್ಮಟದ ಮೌನನಿಯಮ

ಕಥಾರಚನೆಯನ್ನು ಕಲಿಸಲು ಸಾಧ್ಯವೇ ಎಂಬುದು ಹಳೆಯ ಪ್ರಶ್ನೆ. ಅಮೆರಿಕೆಯ ವೈಜ್ಞಾನಿಕ ಹಾಗೂ ಅದ್ಭುತ ಕಥೆಗಳ ಲೇಖಕರು ಅದನ್ನು ತತ್ತ್ವವಿಚಾರಕ್ಕೆ ಬಿಡದೆ ಒಂದು ಪದ್ಧತಿಯಿಂದಲೇ ಪರೀಕ್ಷಿಸಿ ನೋಡಿದರು. ಆ ಪದ್ಧತಿ ಸಮಾನರ ಗೋಷ್ಠಿಯಿಂದ ವಿದ್ಯಾರ್ಥಿಗಳ ಕೊಠಡಿಗೆ ಬಂದಾಗ ಏನಾಯಿತೆಂಬುದು ಇಲ್ಲಿಯ ವಿಷಯ.

1956ರಲ್ಲಿ ಡೇಮನ್ ನೈಟ್, ಜೂಡಿತ್ ಮೆರಿಲ್, ಜೇಮ್ಸ್ ಬ್ಲಿಷ್ ಇವರು ಪೆನ್ಸಿಲ್ವೇನಿಯದ ಮಿಲ್ಫರ್ಡ್ ಎಂಬ ಸಣ್ಣ ಊರಿನಲ್ಲಿ ಒಂದು ಗೋಷ್ಠಿಯನ್ನು ಆರಂಭಿಸಿದರು. ಕಥೆ ಪ್ರಕಟವಾಗಿದ್ದವರಿಗೆ ಮಾತ್ರ ಅಲ್ಲಿ ಪ್ರವೇಶ. ಹಸ್ತಪ್ರತಿಯನ್ನು ಎಲ್ಲರೂ ಮೊದಲೇ ಓದಿರುವರು; ವೃತ್ತಾಕಾರವಾಗಿ ಕುಳಿತು ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳುವರು; ಸರದಿ ಮುಗಿಯುವವರೆಗೆ ಕಥೆಗಾರನು ಬಾಯಿ ತೆರೆಯಕೂಡದು. ಅಚ್ಚಾದ ಕಥೆಯ ಪಕ್ಕದಲ್ಲಿ ನಿಂತು ವಿವರಣೆ ಕೊಡುವ ಅವಕಾಶ ಯಾವ ಲೇಖಕನಿಗೂ ಇಲ್ಲವಷ್ಟೆ. ಇಂದು ಮೌನವಾಗಿ ಕುಳಿತವನು ನಾಳೆ ವಿಮರ್ಶಕನಾಗುತ್ತಿದ್ದುದರಿಂದ ಈ ನಿಯಮದಲ್ಲಿ ಯಾರಿಗೂ ಅಪಮಾನವಿರಲಿಲ್ಲ.

ಮಿಲ್ಫರ್ಡಿನಲ್ಲಿ ಭಾಗವಹಿಸಿದ್ದ ಅಧ್ಯಾಪಕ ರಾಬಿನ್ ಸ್ಕಾಟ್ ವಿಲ್ಸನ್ 1968ರಲ್ಲಿ ಇದೇ ಕ್ರಮವನ್ನು ಅದೇ ರಾಜ್ಯದ ಕ್ಲ್ಯಾರಿಯನ್ ಕಾಲೇಜಿಗೆ ತಂದರು. ಆರು ವಾರಗಳ ವಾಸ, ವಾರ ವಾರಕ್ಕೆ ಬೇರೆ ಬೇರೆ ಲೇಖಕರ ಬೋಧನೆ ಎಂಬುದು ಅಲ್ಲಿ ರೂಢಿಯಾಯಿತು. ಕಮ್ಮಟವು ಮುಂದೆ 1972ರಲ್ಲಿ ಮಿಷಿಗನ್‌ಗೂ 2007ರಲ್ಲಿ ಸ್ಯಾನ್ ಡಿಯೇಗೊಗೂ ಸ್ಥಳಾಂತರವಾಯಿತು. ನಿಯಮ ಬದಲಾಗಲಿಲ್ಲ, ಕುಳಿತವರು ಬದಲಾದರು. ಒಂದು ಕಥೆಯೂ ಪ್ರಕಟವಾಗದ ಅಭ್ಯರ್ಥಿ ತನ್ನ ಗುರುಗಳ ಮುಂದೆ ಮೌನವಾಗಿರುವುದು ಮಿಲ್ಫರ್ಡಿನ ಮೌನಕ್ಕೆ ಸಮವೆನ್ನಲು ಬರುವುದಿಲ್ಲ. ಇದಲ್ಲದೆ, ಆರು ವಾರ ದುಡಿಮೆ ಬಿಟ್ಟು ಬರುವ ಶಕ್ತಿ ಎಷ್ಟು ಜನಕ್ಕೆ ಉಂಟು?

ಆಕ್ಟೇವಿಯ ಬಟ್ಲರ್ ಅವರ ವೃತ್ತಾಂತ ಇಲ್ಲಿ ಮುಖ್ಯವಾದುದು. ತಂದೆಯನ್ನು ಬಾಲ್ಯದಲ್ಲೇ ಕಳೆದುಕೊಂಡಿದ್ದ ಈ ಆಫ್ರಿಕನ್-ಅಮೆರಿಕನ್ ತರುಣಿಯ ತಾಯಿ ಇತರರ ಮನೆಗೆಲಸ ಮಾಡಿ ಮಗಳನ್ನು ಸಾಕಿದವರು. ಲಾಸ್ ಏಂಜಲೀಸಿನಲ್ಲಿ ಚಿತ್ರಕಥಾಲೇಖಕರ ಸಂಘವು ಕರಿಯ ಹಾಗೂ ಲ್ಯಾಟಿನ್ ಅಮೆರಿಕನ್ ಮೂಲದ ಹೊಸಬರಿಗಾಗಿ ‘ತೆರೆದ ಬಾಗಿಲು’ ಎಂಬ ಅರ್ಥದ ಹೆಸರಿನಲ್ಲಿ ತರಗತಿ ನಡೆಸುತ್ತಿತ್ತು. ಅಲ್ಲಿ ಬೋಧಿಸುತ್ತಿದ್ದ ಹಾರ್ಲನ್ ಎಲಿಸನ್ ಅವರನ್ನು ಕ್ಲ್ಯಾರಿಯನ್‌ಗೆ ಹೋಗುವಂತೆ ಪ್ರೇರೇಪಿಸಿದರು. ಹೀಗೆ ಒಂದು ಬಾಗಿಲು ತೆರೆದಿದ್ದರಿಂದ ಇನ್ನೊಂದರ ಸುಳಿವು ಸಿಕ್ಕಿತು. 1970ರ ಆ ಕಮ್ಮಟದ ಬೋಧಕರಲ್ಲಿ ಆಫ್ರಿಕನ್-ಅಮೆರಿಕನ್ ಲೇಖಕ ಸ್ಯಾಮ್ಯುಯೆಲ್ ಡಿಲೇನಿ ಇದ್ದುದು ಸಣ್ಣ ಸಂಗತಿಯಲ್ಲ. ಬಟ್ಲರ್ ಅತಿ ಸಂಕೋಚದ ಸ್ವಭಾವದವರು. ಕೂಡಲೇ ಉತ್ತರ ಕೊಡಬೇಕಾದ ಹಂಗಿಲ್ಲದ ಆ ನಿಯಮ ಅಂಥವರಿಗೆ ಆಸರೆಯೂ ಆಗಿದ್ದಿರಬಹುದು. ಇದು ನನ್ನ ಊಹೆ ಮಾತ್ರ.

ಕಮ್ಮಟದಲ್ಲಿ ಅವರ ಎರಡು ಕಥೆಗಳು ಮಾರಾಟವಾದವು. ‘ಕ್ರಾಸ್‌ಓವರ್’ 1971ರಲ್ಲಿ ಕ್ಲ್ಯಾರಿಯನ್ ಸಂಕಲನದಲ್ಲಿ ಬಂದಿತು. ‘ಚೈಲ್ಡ್‌ಫೈಂಡರ್’ ಅಚ್ಚಾದುದು 2014ರಲ್ಲಿ, ಲೇಖಕಿ ತೀರಿಕೊಂಡ ಎಂಟು ವರ್ಷಗಳ ಮೇಲೆ. ಆರಂಭದ ಆ ಮಾರಾಟದ ನಂತರ ಮತ್ತೊಂದು ಬರಹ ಮಾರಾಟವಾಗಲು ಐದು ವರ್ಷ ಹಿಡಿಯಿತು; ಅಷ್ಟು ಕಾಲ ಅವರು ಸಿಕ್ಕಿದ ಕೆಲಸ ಮಾಡಿ ಬದುಕಿದರು. ಮೊದಲ ಕಾದಂಬರಿ ‘ಪ್ಯಾಟರ್ನ್‌ಮಾಸ್ಟರ್’ ಪ್ರಕಟವಾದುದು 1976ರಲ್ಲಿ. ಆದಕಾರಣ ಕಮ್ಮಟವೇ ಬಟ್ಲರ್ ಅವರನ್ನು ಸೃಷ್ಟಿಸಿತೆಂಬ ಮಾತು ಅತಿಶಯೋಕ್ತಿ. ಕಮ್ಮಟವೆಂದರೆ ನಮ್ಮ ಹಳೆಯ ನುಡಿಯಲ್ಲಿ ನಾಣ್ಯ ಅಚ್ಚುಹಾಕುವ ಟಂಕಸಾಲೆ. ಇಂಥ ಶಿಬಿರಗಳಿಂದ ಹೊರಬರುವ ಕಥೆಗಳೆಲ್ಲ ಒಂದೇ ಅಚ್ಚಿನವು ಎಂಬ ಆಕ್ಷೇಪ ಅಮೆರಿಕೆಯಲ್ಲಿಯೂ ಉಂಟು. ಬಟ್ಲರ್ ಮತ್ತು ಡಿಲೇನಿಯವರನ್ನು ಓದಿದವರು ಅದನ್ನು ಪೂರ್ತಿಯಾಗಿ ಒಪ್ಪಲಾರರು. ಬಟ್ಲರ್ ಮುಂದೆ ಇದೇ ಕಮ್ಮಟಗಳಲ್ಲಿ ತಾವೇ ಬೋಧಕರಾದರು.

ವೆಚ್ಚದ ಪ್ರಶ್ನೆಗೆ ಉತ್ತರ ಬಹಳ ತಡವಾಗಿ ದೊರೆಯಿತು. 2006ರಲ್ಲಿ ಬಟ್ಲರ್ ತೀರಿಕೊಂಡ ಮೇಲೆ ಕಾರ್ಲ್ ಬ್ರ್ಯಾಂಡನ್ ಸೊಸೈಟಿ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನವನ್ನು ಸ್ಥಾಪಿಸಿ, ಬಿಳಿಯರಲ್ಲದ ಲೇಖಕರು ಕ್ಲ್ಯಾರಿಯನ್‌ಗೂ ಸಿಯಾಟಲ್‌ನ ಅದರ ಸೋದರ ಕಮ್ಮಟಕ್ಕೂ ಹೋಗಲು ನೆರವಾಯಿತು. ನಮ್ಮ ದೇಶದಲ್ಲಿ ಅನಿಲ್ ಮೆನನ್, ವಂದನಾ ಸಿಂಗ್, ಸುಚಿತ್ರಾ ಮಾಥುರ್ ಇವರು 2009ರಲ್ಲಿ ಕಾನ್ಪುರದ ಐಐಟಿಯಲ್ಲಿ ಇಂಥದೇ ಒಂದು ಕಮ್ಮಟವನ್ನು ನಡೆಸಿದರು. ಅದರ ಅವಧಿ ಮೂರು ವಾರ.