ತಂದೆಯ ಹೆಸರಿನ ಕಾಲಂ

ಮೊನ್ನೆ ಶನಿವಾರ ರಾತ್ರಿ ‘ಗೆಜ್ಜೆ ಪೂಜೆ’ ಮತ್ತೊಮ್ಮೆ ನೋಡಿದೆ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ 1969ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ. ಚಂದ್ರಾ (ಕಲ್ಪನಾ) ಬೆಳೆಯುವುದು ಹೆಂಗಸರದೇ ಮನೆಯಲ್ಲಿ. ಅಮ್ಮ ಅಪರ್ಣಾ (ಲೀಲಾವತಿ), ಜೊತೆಗೆ ಅದೇ ವೃತ್ತಿ ಮುಂದುವರಿಯಲಿ ಎನ್ನುವ ಮನೆಯ ಹಿರಿಯಳು. ಎಲ್ಲರಂತೆ ಮದುವೆಯಾಗುವ ಆಸೆ ಹೊತ್ತ ಹುಡುಗಿ ಕೊನೆಗೆ ವಜ್ರ ನುಂಗಿ ಸಾಯುತ್ತಾಳೆ. ನೀವೂ ನೋಡಿರುತ್ತೀರಿ, ಅತ್ತಿರುತ್ತೀರಿ. ಈ ಸಲ ನನಗೆ ಅಳು ಬರಲಿಲ್ಲ. ಹಳೆಯ ಗೆಳೆಯನೊಬ್ಬ ನೆನಪಾದ.

ಜಮಖಂಡಿಯಲ್ಲಿ ಹೈಸ್ಕೂಲು ಓದುವಾಗ ನನ್ನ ಬೆಂಚಿನಲ್ಲೇ ಕೂರುತ್ತಿದ್ದ. ಮನೆಯಲ್ಲಿ ಅವ್ವ, ಅಜ್ಜಿ, ಇಬ್ಬರು ಚಿಗವ್ವಂದಿರು. ಗಂಡಸು ಅಂದ್ರೆ ಇವನೊಬ್ಬನೇ. ಯಾರಿಗೆ ಹಸಿವು ಅಂದರೂ ರೊಟ್ಟಿ ಬರುತ್ತಿತ್ತು, ನನಗೂ ಸೇರಿಸಿ. ಹತ್ತನೇ ಪರೀಕ್ಷೆಯ ಫಾರಂ ತುಂಬುವಾಗ ಮಾಸ್ತರು “ಅಪ್ಪನ ಹೆಸರೇನಲೇ?” ಅಂದರು. ಅವನು ಅವ್ವನ ಹೆಸರು ಹೇಳಿದ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕಿದ್ದೆ.

ಆ ಮನೆ ಹಾಗಿದ್ದದ್ದು ಯಾಕೆ ಅಂತ ತಿಳಿದದ್ದು ಬಹಳ ತಡವಾಗಿ. ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವಳು ಗಂಡನ ಮನೆಗೆ ಹೋಗುವುದಿಲ್ಲ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗನ ಜಾಗದಲ್ಲಿ ನಿಂತು ಮುದುಕರನ್ನು ಸಾಕುತ್ತಾಳೆ. ಅವಳ ಮಕ್ಕಳು ತವರಿನ ಮಕ್ಕಳು. ಹುಟ್ಟಿಸಿದವನಿಗೆ ಯಾವ ಹೊಣೆಯೂ ಇಲ್ಲ!

ಕಾಯ್ದೆಯ ಕಥೆ ಇನ್ನೂ ವಿಚಿತ್ರ. ಮುಂಬೈ ಸರ್ಕಾರ 1934ರಲ್ಲೇ ದೇವದಾಸಿ ರಕ್ಷಣಾ ಕಾಯ್ದೆ ತಂದಿತು. ಮುತ್ತು ಕಟ್ಟುವುದು ಅಪರಾಧ, ದೇವದಾಸಿ ಮದುವೆಯಾದರೆ ಅದು ಸಿಂಧು ಎಂದಿತು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು, ಹಾಗಾಗಿ ಅಲ್ಲಿಗೆ ಕಾಯ್ದೆ ಬಂತು. ಆದರೆ ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಇವತ್ತು ಒಂದೇ ಊರಿನಂತೆ ಕರೆಯುವ ರಬಕವಿ-ಬನಹಟ್ಟಿಯಲ್ಲಿ ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯದು. ಮುಂಬೈ ಕಾಯ್ದೆ ಸಂಸ್ಥಾನಗಳ ಗಡಿಯಲ್ಲೇ ನಿಂತಿತು. ಸವದತ್ತಿಗೆ ಹೋಗುವ ಚಕ್ಕಡಿಗಳಿಗೆ ಯಾವ ಗಡಿಯೂ ಇರಲಿಲ್ಲ. 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ಸೇರಿದವು. ಆದರೂ ಪದ್ಧತಿ ನಿಲ್ಲಲಿಲ್ಲ.

ಗೆಜ್ಜೆ ಪೂಜೆ ಬಂದು 13 ವರ್ಷಕ್ಕೆ, 1982ರಲ್ಲಿ, ಕರ್ನಾಟಕ ಹೊಸ ನಿಷೇಧ ಕಾಯ್ದೆ ಮಾಡಿತು. ಮುತ್ತು ಕಟ್ಟಿಸಿದವರು ತಂದೆತಾಯಿಯಾದರೆ 5 ವರ್ಷದವರೆಗೆ ಜೈಲು. ಆದರೂ 1993-94ರ ಸರ್ಕಾರಿ ಸಮೀಕ್ಷೆಯಲ್ಲಿ 22,873 ದೇವದಾಸಿಯರು ಸಿಕ್ಕರು. 2007-08ರಲ್ಲಿ ಮತ್ತೆ 23,787. ಒಂದೊಂದು ಸಂಖ್ಯೆಯ ಹಿಂದೆಯೂ ಒಂದು ಮನೆ, ಎಷ್ಟೋ ಮನೆಗಳಲ್ಲಿ ನನ್ನ ಗೆಳೆಯನಂಥ ಮಕ್ಕಳು...

ಕಾಯ್ದೆಗಳು ಮುತ್ತನ್ನು ನೋಡಿದವು, ಮದುವೆಯನ್ನು ನೋಡಿದವು. ಫಾರಂ ಹಿಡಿದು ನಿಂತ ಹುಡುಗನನ್ನು ನೋಡಿದ್ದು ಕಡಿಮೆ. ಕೊನೆಗೆ 2025ರಲ್ಲಿ ವಿಧಾನಸಭೆ ಒಪ್ಪಿದ ಮಸೂದೆಯಲ್ಲಿ, ದೇವದಾಸಿಯರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಕಡ್ಡಾಯ ಬೇಡ ಎಂಬ ಮಾತು ಬಂತು.

ಇಷ್ಟೆಲ್ಲ ಬರೆದ ನಾನು ಮಾಡಿದ್ದೇನು ಗೊತ್ತಾ? ಕಳೆದ ವರ್ಷ ಆಫೀಸಿನಲ್ಲಿ ಒಂದು ಆನ್‌ಲೈನ್ ಅರ್ಜಿ ಮಾಡಿದೆ. ‘ತಂದೆಯ ಹೆಸರು’ ಪಕ್ಕದಲ್ಲಿ ಕೆಂಪು ನಕ್ಷತ್ರ ಹಾಕಿದವನು ನಾನೇ. ಖಾಲಿ ಬಿಟ್ಟರೆ ಪುಟ ಮುಂದಕ್ಕೇ ಹೋಗುವುದಿಲ್ಲ. ಯಾರೂ ಹಾಗೆ ಮಾಡು ಎಂದಿರಲಿಲ್ಲ, ಅಭ್ಯಾಸಬಲ ಅಷ್ಟೇ.

ಸೋಮವಾರ ಹೋಗಿ ಆ ನಕ್ಷತ್ರ ತೆಗೆಸಬೇಕು. ಅದಾದ ಮೇಲೆ ಗೆಳೆಯನ ನಂಬರ್ ಹುಡುಕಬೇಕು. ಅವತ್ತು ನಕ್ಕಿದ್ದಕ್ಕೆ ಏನು ಹೇಳಲಿ ಅಂತ ಇನ್ನೂ ತಿಳಿದಿಲ್ಲ.