ಚದುರಂಗದ ಅಂಚಿನ ಆರಂಭಗಳು

ಚದುರಂಗದ ಆಟವನ್ನು ಮಣೆಯ ನಡುವಿನ ನಾಲ್ಕು ಮನೆಗಳಿಂದಲ್ಲದೆ ಎಡಬಲದ ಪಕ್ಕಗಳಿಂದ ತೆರೆಯುವ ಪದ್ಧತಿಗೆ ಅಂಚಿನ ಆರಂಭ ಎನ್ನಬಹುದು. ಇ4, ಡಿ4 ಮನೆಗಳಿಗೆ ಕಾಲಾಳು ನುಗ್ಗಿಸುವ ಬದಲು ಬಿ, ಸಿ, ಎಫ್, ಜಿ ಸಾಲುಗಳಲ್ಲಿ ನಡೆಸಿ, ನಡುಮನೆಗಳ ಮೇಲೆ ದೂರದಿಂದಲೇ ಒಂಟೆ, ಕುದುರೆಗಳ ಹಿಡಿತ ಇಟ್ಟುಕೊಳ್ಳುವುದು ಇದರ ತಂತ್ರ.

ಇದನ್ನು ಯುರೋಪಿನ ಹುಚ್ಚು ಪ್ರಯೋಗವೆಂದು ತಿಳಿಯುವುದು ತಪ್ಪು. ನಮ್ಮ ನಾಡಿನ ಹಳೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಸಾಮಾನ್ಯವಾಗಿ ಒಂದೇ ಮನೆ ಮುಂದೆ ಹೋಗುತ್ತಿತ್ತು. ನಡುವಿಗೆ ಒಮ್ಮೆಲೇ ನುಗ್ಗಲು ಆಗದ ಆಟದಲ್ಲಿ ಜಿ6ಕ್ಕೆ ಕಾಲಾಳು ಸರಿಸಿ, ಹಿಂದೆ ಜಿ7ರಲ್ಲಿ ಒಂಟೆ ಕೂರಿಸುವುದು ಸಹಜ ನಡೆ. ಹತ್ತೊಂಬತ್ತನೆಯ ಶತಮಾನದ ನಡುವೆ ಕಲ್ಕತ್ತದಲ್ಲಿ ಮಹೇಶಚಂದ್ರ ಬ್ಯಾನರ್ಜಿ ವಕೀಲ ಜಾನ್ ಕಾಕ್ರನ್ ಎದುರು ಹೀಗೆಯೇ ಆಡುತ್ತಿದ್ದರು. 1855ರ ಮೇ ತಿಂಗಳ ಅವರ ಒಂದು ಆಟದ ನಡೆಗಳೇ 1922ರ ಬಳಿಕ ಆಸ್ಟ್ರಿಯದ ಗ್ರೂನ್‌ಫೆಲ್ಡ್ ಹೆಸರಿನಲ್ಲಿ ಪ್ರಸಿದ್ಧವಾದವು. 'ಇಂಡಿಯನ್ ಡಿಫೆನ್ಸ್' ಎಂಬ ಹೆಸರು ಇಂಥ ಆಟಗಳಿಂದಲೇ ಬಂತು.

ಅದೇ ಕಾಲದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆ ಮಣೆಯ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡಿಗೆಯ ಬಂಧಗಳಲ್ಲಿ ಮುಳುಗಿದ್ದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೂ ಜಾಗವಿದೆ. ಮಣೆಯನ್ನು ಎಲ್ಲ ದಿಕ್ಕಿನಿಂದ ನೋಡುವ ಕುತೂಹಲ ಅರಮನೆಯಲ್ಲೂ ಇತ್ತು.

ಯುರೋಪಿನ ಆಟಗಾರರು ಇತ್ತ ಹೆಚ್ಚಾಗಿ ತಿರುಗಿದ್ದು 1920ರ ದಶಕದಲ್ಲಿ. 1924ರ ನ್ಯೂಯಾರ್ಕ್ ಪಂದ್ಯಾವಳಿಯಲ್ಲಿ ರಿಚರ್ಡ್ ರೇಟಿ ಎರಡೂ ಒಂಟೆಗಳನ್ನು ಪಕ್ಕಕ್ಕೆ ಕೂರಿಸುವ ತಮ್ಮ ಬಗೆಯ ಆಟದಿಂದ ಎಂಟು ವರ್ಷ ಸೋಲರಿಯದ ಕಾಪಾಬ್ಲಾಂಕಾರನ್ನು ಸೋಲಿಸಿದರು. ಅಲ್ಲೇ ತಾರ್ತಕೋವರ್ ಮೃಗಾಲಯದಲ್ಲಿ ಒರಾಂಗುಟಾನ್ ನೋಡಿ ಬಂದು ಬಿ4 ಆಡಿದರು. ಆರಂಭಕ್ಕೆ ಆ ವಾನರದ ಹೆಸರೇ ನಿಂತಿತು, ಆಟ ಮಾತ್ರ ಸೋತರು. ಸ್ವಿಟ್ಜರ್ಲೆಂಡಿನ ಹೆನ್ರಿ ಗ್ರೋಬ್ ಇನ್ನೂ ಮುಂದೆ ಹೋಗಿ ಜಿ4 ಹಿಡಿದರು. ರಾಜನ ಪಕ್ಕವನ್ನು ತಾನೇ ಬರಿದು ಮಾಡಿಕೊಳ್ಳುವ ಈ ನಡೆಯನ್ನು ಬಲವಾದದ್ದೆಂದು ಹೇಳಲಾಗದು.

ಅಂಚಿನ ಆಟದ ಅಪಾಯ 1970ರಲ್ಲಿ ಬೆಲ್‌ಗ್ರೇಡಿನಲ್ಲಿ ಕಣ್ಣಿಗೆ ಕಟ್ಟಿತು. ಡೆನ್ಮಾರ್ಕಿನ ಬೆಂಟ್ ಲಾರ್ಸೆನ್ ಬಿ3ರಿಂದ ಆರಂಭಿಸಿ, ಒಂಟೆಯನ್ನು ಬಿ2ರಲ್ಲಿ ಕೂರಿಸಿದರು. ಕಪ್ಪು ಕಾಯಿಗಳ ಸ್ಪಾಸ್ಕಿ ಕುದುರೆಯನ್ನು ಬಲಿಕೊಟ್ಟು ಎಚ್ ಸಾಲು ಬಿಚ್ಚಿದರು. ಹದಿನಾಲ್ಕನೆಯ ನಡೆಯಲ್ಲಿ ಆನೆಯನ್ನೇ ಎಚ್1ಕ್ಕೆ ತಂದು ಬಿಟ್ಟುಕೊಟ್ಟರು. ಅದನ್ನು ಹೊಡೆದರೆ ಜಿ ಸಾಲಿನ ಕಾಲಾಳಿಗೆ ದಾರಿ. ಆಟ ಮುಗಿದದ್ದು 17 ನಡೆಗಳಲ್ಲಿ.

ಹತ್ತು ವರ್ಷದ ನಂತರ ಸ್ವೀಡನ್ನಿನ ಸ್ಕಾರಾದಲ್ಲಿ ಈ ಸೋಲಿಗೆ ಉತ್ತರ ಸಿಕ್ಕಿತು. ವಿಶ್ವ ಚಾಂಪಿಯನ್ ಕಾರ್ಪೊವ್ ಇ4 ಆಡಿದಾಗ ಇಂಗ್ಲೆಂಡಿನ ಟೋನಿ ಮೈಲ್ಸ್ ತುದಿಯ ಕಾಲಾಳನ್ನು ಎ6ಕ್ಕೆ, ನಮ್ಮ ಹಳೆಯ ಕಾಲಾಳಿನ ಹಾಗೆ ಒಂದೇ ಮನೆ, ಸರಿಸಿದರು. ನೆರೆದವರು ನಕ್ಕರಂತೆ. ಮುಂದೆ ಬಿ5, ಅದರ ಹಿಂದೆ ಬಿ7ರಲ್ಲಿ ಒಂಟೆ. ಗೆದ್ದದ್ದು ಮೈಲ್ಸ್. ಇಂಗ್ಲೆಂಡಿನವರೇ ಆದ ಮೈಕೆಲ್ ಬಾಸ್‌ಮನ್ (1946–2022) ಜಿ4, ಜಿ5 ನಡೆಗಳನ್ನು ಜೀವಮಾನವಿಡೀ ಪರೀಕ್ಷಿಸಿದರು.

ಮನೆಯಲ್ಲಿ ಮಣೆ ಹರಡಿ ಕೂತ ಮಗುವಿಗೂ ಮೊದಲು ಕಲಿಸಬೇಕಾದದ್ದು ನಡುಮನೆಗಳ ಹಿಡಿತವೇ. ಅದು ಕೈವಶವಾದ ಮೇಲೆ ಬಿ4 ಆಡುತ್ತೇನೆಂದರೆ ತಡೆಯಬೇಡಿ. ಆಡುವ ಮುನ್ನ ಲಾರ್ಸೆನ್ ಸೋತ ಆ 17 ನಡೆಗಳನ್ನು ಜೊತೆಗೆ ಕೂತು ಒಮ್ಮೆ ಆಡಿ ತೋರಿಸಿ.