ಆಗಸದಿಂದ ರೋಗಿಯ ಮಂಚದೆಡೆಗೆ: ಲೆನಾರ್ಡ್ ಚೆಷೈರ್ ನೆನಪು

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಓಡಾಡುವ ನಿಮ್ಮಲ್ಲಿ ಹಲವರು ‘ಚೆಷೈರ್ ಹೋಮ್’ ಎಂಬ ಹೆಸರನ್ನು ಕಂಡಿರುತ್ತೀರಿ. ಅಂಗವಿಕಲರು ವಾಸಿಸುವ ಮನೆ ಅದು. ನಾನು ಗುರುಮಠದ ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ಆ ಹೆಸರು ಇಂಗ್ಲೆಂಡಿನ ಯಾವುದೋ ಊರಿನದೆಂದು ಭಾವಿಸಿದ್ದೆ. ಒಮ್ಮೆ ಅಲ್ಲಿಗೆ ಭೇಟಿಯಿತ್ತಾಗ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು, “ಬ್ರದರ್, ಈ ಮನೆ ಶುರು ಮಾಡಿದವರು ಪೈಲಟ್ ಆಗಿದ್ರಂತೆ. ಯುದ್ಧದಲ್ಲಿ ಬಾಂಬು ಹಾಕ್ತಿದ್ರಂತೆ. ಹೌದಾ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹಿಂತಿರುಗಿ ಬಂದು ಗ್ರಂಥಾಲಯದಲ್ಲಿ ಹುಡುಕಿ ಸ್ವಲ್ಪ ಓದಿಕೊಂಡೆ. ಆ ಸ್ವಲ್ಪ ಓದಿನ ಬಲದಿಂದಲೇ ಮುಂದೆ ಗುರುವಾದ ಮೇಲೆ ಪ್ರಸಂಗವೊಂದರಲ್ಲಿ ಆತನ ಕಥೆಯನ್ನು ಹೇಳಿದೆ. ನಾಗಸಾಕಿಯ ಮೇಲೆ ಬಿದ್ದ ಅಣುಬಾಂಬನ್ನು ಕಣ್ಣಾರೆ ಕಂಡ ಒಬ್ಬ ವೈಮಾನಿಕ, ಪಶ್ಚಾತ್ತಾಪದಿಂದ ಬೆಂದು, ಯುದ್ಧವನ್ನು ತೊರೆದು, ರೋಗಿಗಳ ಸೇವಕನಾದ ಎಂದು. ಜನ ಕಣ್ಣೀರು ಒರೆಸಿಕೊಂಡರು. ಆದರೆ ನಾನು ಹೇಳಿದ್ದು ಸರಿಯಾಗಿರಲಿಲ್ಲ. ಈ ಲೇಖನ ಬರೆಯುವುದಕ್ಕೆ ಆ ತಪ್ಪೂ ಒಂದು ಕಾರಣ.

ಜೆಫ್ರಿ ಲೆನಾರ್ಡ್ ಚೆಷೈರ್ ಹುಟ್ಟಿದ್ದು 1917ರ ಸೆಪ್ಟೆಂಬರ್ 7ರಂದು, ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ. ತಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹೆಸರುವಾಸಿ ಕಾನೂನು ಪ್ರಾಧ್ಯಾಪಕರು. ಮಗನೂ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಕಾನೂನನ್ನೇ ಓದಿದ. ಆದರೆ ಓದಿಗಿಂತ ವೇಗದ ಕಾರು, ಪಂದ್ಯ, ಪಣ ಇವುಗಳಲ್ಲಿ ಆಸಕ್ತಿ ಹೆಚ್ಚು. ವಿಶ್ವವಿದ್ಯಾಲಯದ ವಾಯುದಳದ ತುಕಡಿಗೆ ಸೇರಿ ಹಾರಾಟ ಕಲಿತ. 1939ರಲ್ಲಿ ಯುದ್ಧ ಆರಂಭವಾದಾಗ ನಮ್ಮ ಕಥಾನಾಯಕ ಸಂತನಾಗುವ ಲಕ್ಷಣವೇನನ್ನೂ ತೋರಿರಲಿಲ್ಲ.

1940ರ ನವೆಂಬರಿನ ಒಂದು ರಾತ್ರಿ ಜರ್ಮನಿಯ ಮೇಲೆ ಹಾರುತ್ತಿದ್ದ ಆತನ ವಿಟ್ಲಿ ವಿಮಾನಕ್ಕೆ ಫಿರಂಗಿ ಗುಂಡು ತಗುಲಿತು. ಒಳಗಿದ್ದ ಬೆಳಕಿನ ಬಾಣ ಸ್ಫೋಟಿಸಿ ವಿಮಾನದ ಪಕ್ಕೆಯೇ ಹರಿದುಹೋಯಿತು. ನಿಸ್ತಂತು ಚಾಲಕ ತೀವ್ರವಾಗಿ ಸುಟ್ಟುಹೋದ. ಬೆಂಕಿಯನ್ನಾರಿಸಿ, ಒಂದು ಬದಿ ತೆರೆದುಕೊಂಡಿದ್ದ ಆ ವಿಮಾನವನ್ನು ಹಲವು ತಾಸು ನಡೆಸಿ ಮನೆಗೆ ತಂದಾಗ ಚೆಷೈರ್‌ಗೆ ಕೇವಲ 23 ವರ್ಷ. ಸಾಹಸಕ್ಕೆ ದೊಡ್ಡ ಪದಕ ಬಂತು. ಮುಂದೆ ಪದಕಗಳು ಬರುತ್ತಲೇ ಹೋದವು; ಅವನ್ನೆಲ್ಲ ಎಣಿಸುವುದು ಇಲ್ಲಿ ಬೇಡ.

ಅದಕ್ಕಿಂತ ಹೆಚ್ಚಾಗಿ ನಾವು ಗಮನಿಸಬೇಕಾದದ್ದು, ಆತನ ಕೈಕೆಳಗಿನವರು ಆತನನ್ನು ಅಷ್ಟೊಂದು ಪ್ರೀತಿಸಿದ್ದು ಏಕೆ ಎಂಬುದು. 1942ರಲ್ಲಿ 76ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರಾದಾಗ ಅವರು ವಿಮಾನಗಳನ್ನು ದುರಸ್ತಿ ಮಾಡುವ ನೆಲದ ಕೆಲಸಗಾರರ ಹೆಸರುಗಳನ್ನೂ ಕಲಿತುಕೊಂಡರು. ಹೊಸದಾಗಿ ಬಂದ ಹುಡುಗರ ವಿಮಾನದಲ್ಲಿ, ಅವರ ಮೊದಲ ಹಾರಾಟಕ್ಕೆ, ತಾವೂ ಜೊತೆಗೆ ಕೂರುತ್ತಿದ್ದರು. ಅನುಭವವಿಲ್ಲದವರ ಪಕ್ಕ ಕೂರುವುದೆಂದರೆ ಸಾವಿನ ಪಕ್ಕ ಕೂರುವುದು ಎಂದೇ ಆ ದಿನಗಳಲ್ಲಿ ಅರ್ಥ. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಾಡಿದ ಸುಮಾರು 1,25,000 ಮಂದಿಯಲ್ಲಿ 55,573 ಜನ ಹಿಂತಿರುಗಲಿಲ್ಲ. 25ನೆಯ ವಯಸ್ಸಿಗೇ ಗ್ರೂಪ್ ಕ್ಯಾಪ್ಟನ್ ಪದವಿ ದೊರೆತು ನೆಲದ ಮೇಲಿನ ಸುರಕ್ಷಿತ ಹುದ್ದೆ ಸಿಕ್ಕಾಗ, ತಾವೇ ಕೇಳಿಕೊಂಡು ಒಂದು ಮೆಟ್ಟಿಲು ಕೆಳಗಿಳಿದು 617ನೇ ಸ್ಕ್ವಾಡ್ರನ್ನಿನ ನಾಯಕರಾಗಿ ಮತ್ತೆ ಹಾರಾಟಕ್ಕೆ ಬಂದರು. (ಜರ್ಮನಿಯ ಅಣೆಕಟ್ಟುಗಳನ್ನು ಒಡೆದದ್ದು ಇದೇ ಸ್ಕ್ವಾಡ್ರನ್. ಆದರೆ ಆ ದಾಳಿಯ ನಾಯಕ ಗೈ ಗಿಬ್ಸನ್, ಚೆಷೈರ್ ಅಲ್ಲ. ಇದನ್ನೂ ಅನೇಕರು ಬೆರೆಸಿಬಿಡುತ್ತಾರೆ.)

1944ರ ಫೆಬ್ರವರಿ 8ರ ರಾತ್ರಿಯ ಘಟನೆಯನ್ನು ತುಸು ನಿಧಾನವಾಗಿ ಹೇಳಬೇಕು. ಫ್ರಾನ್ಸಿನ ಲಿಮೋಜ್ ಪಟ್ಟಣದಲ್ಲಿ ವಿಮಾನದ ಎಂಜಿನ್ ತಯಾರಿಸುವ ಕಾರ್ಖಾನೆಯಿತ್ತು. ನಾಜಿಗಳ ವಶದಲ್ಲಿದ್ದ ಅದರಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದವರು ಫ್ರೆಂಚ್ ಹೆಂಗಸರು. ಕಾರ್ಖಾನೆಯನ್ನು ನಾಶಮಾಡಬೇಕು, ಆದರೆ ಅವರು ಸಾಯಬಾರದು. ಚೆಷೈರ್ ತಮ್ಮ ದೈತ್ಯ ಲ್ಯಾಂಕಾಸ್ಟರ್ ವಿಮಾನವನ್ನು ಛಾವಣಿಗಳಿಗೆ ತಾಗುವಂತೆ ಕೆಳಗಿಳಿಸಿ ಕಾರ್ಖಾನೆಯ ಮೇಲೆ ಒಂದು ಸುತ್ತು ಹಾರಿದರು. ಬಾಂಬು ಹಾಕಲಿಲ್ಲ. ಎರಡನೆಯ ಸುತ್ತು ಹಾರಿದರು. ಮೂರನೆಯದನ್ನೂ ಹಾರಿದರು. ಎಚ್ಚರಿಕೆ ಅರ್ಥವಾಗಿ ಹೆಂಗಸರು ಹೊರಗೋಡಿ ಆಶ್ರಯ ಹಿಡಿದರು. ಬಳಿಕವಷ್ಟೇ ಗುರುತಿನ ಬೆಂಕಿಯನ್ನು ಕಾರ್ಖಾನೆಯ ನಟ್ಟನಡುವೆ ಬೀಳಿಸಿದರು. ಹಿಂದೆ ಬಂದ ವಿಮಾನಗಳು ಕೆಲಸ ಮುಗಿಸಿದವು. ಶತ್ರುವಿಗೆ ಮೂರು ಬಾರಿ ಸೂಚನೆ ಕೊಟ್ಟು ದಾಳಿ ಮಾಡುವುದು ಯುದ್ಧಶಾಸ್ತ್ರದ ಪ್ರಕಾರ ಮೂರ್ಖತನ. ಆದರೂ ಅವರು ಮಾಡಿದರು. ಇದೇ ಕೈಗಳು ಅದಕ್ಕೆ ಮುಂಚೆ ಕಲೋನ್ ನಗರದ ಮೇಲೆ, ಕೆಳಗಿರುವವರು ಯಾರೆಂದು ಕೇಳದೆ ಬಾಂಬು ಸುರಿಸಿದ್ದವು ಎಂಬುದನ್ನೂ ನಾವು ಮರೆಯುವಂತಿಲ್ಲ. ಎರಡೂ ಒಬ್ಬನೇ ಮನುಷ್ಯನ ಚರಿತ್ರೆ.

1944ರ ಜುಲೈನಲ್ಲಿ ನೂರನೆಯ ಹಾರಾಟ ಮುಗಿಸಿದ ಮೇಲೆ ಅವರನ್ನು ಹಾರಾಟದಿಂದ ಬಿಡಿಸಲಾಯಿತು. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಅತ್ಯುಚ್ಚ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪ್ರಕಟವಾಯಿತು. ಸಾಮಾನ್ಯವಾಗಿ ಒಂದು ಸಾಹಸಕ್ಕೆ ಸಲ್ಲುವ ಈ ಪದಕ ಚೆಷೈರ್ ಅವರಿಗೆ ನಾಲ್ಕು ವರ್ಷಗಳ ಎಡೆಬಿಡದ ಧೈರ್ಯಕ್ಕಾಗಿ ಸಂದಿತು.

ಇನ್ನು ನಾಗಸಾಕಿ. 1945ರ ಆಗಸ್ಟ್ 9ರಂದು ಬ್ರಿಟನ್ನಿನ ಪರವಾಗಿ ವೀಕ್ಷಕರಾಗಿ ಹೋದ ಇಬ್ಬರಲ್ಲಿ ಒಬ್ಬರು ವಿಜ್ಞಾನಿ ವಿಲಿಯಂ ಪೆನ್ನಿ, ಇನ್ನೊಬ್ಬರು ಚೆಷೈರ್. ಅವರಿದ್ದ ವಿಮಾನ ಇತರ ವಿಮಾನಗಳನ್ನು ಕೂಡಿಕೊಳ್ಳಲಾಗದೆ ಹಿಂದೆ ಬಿತ್ತು. ಆದ್ದರಿಂದ ಅವರು ಸ್ಫೋಟವನ್ನು ಕಂಡದ್ದು ಹತ್ತಾರು ಮೈಲಿ ದೂರದಿಂದ. ಆ ಹೊತ್ತಿನಲ್ಲಿ ಕೆಳಗೆ ಏನಾಗಿತ್ತು ಎಂಬುದನ್ನು ನಾವು ಕ್ರೈಸ್ತರು ವಿಶೇಷವಾಗಿ ತಿಳಿದಿರಬೇಕು. ಬಾಂಬು ಸಿಡಿದದ್ದು ಉರಕಾಮಿ ಬಡಾವಣೆಯ ಮೇಲೆ, ಕಥೋಲಿಕ ಪ್ರಧಾನಾಲಯದಿಂದ ಸುಮಾರು 500 ಮೀಟರ್ ದೂರದಲ್ಲಿ. ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬಕ್ಕೆ ಸಿದ್ಧತೆಯಾಗಿ ಜನ ಪಾಪನಿವೇದನೆಗೆ ಬಂದಿದ್ದರು. ಒಳಗಿದ್ದ ಗುರುಗಳೂ ಭಕ್ತರೂ ಯಾರೂ ಉಳಿಯಲಿಲ್ಲ. ಇನ್ನೂರೈವತ್ತು ವರ್ಷ ಗುರುಗಳಿಲ್ಲದೆಯೇ ಗುಟ್ಟಾಗಿ ವಿಶ್ವಾಸವನ್ನು ಕಾಪಾಡಿಕೊಂಡು ಬಂದ ಮನೆತನಗಳು ಅವು. ಆ ಧರ್ಮಕೇಂದ್ರದ ಸುಮಾರು 12,000 ಕಥೋಲಿಕರಲ್ಲಿ 8,500 ಮಂದಿ ಸತ್ತರು. ಇಡೀ ನಗರದಲ್ಲಿ ಆ ವರ್ಷಾಂತ್ಯದೊಳಗೆ ಸತ್ತವರು ಸುಮಾರು 70,000.

ಇದನ್ನು ಕಂಡ ಚೆಷೈರ್ ಪಶ್ಚಾತ್ತಾಪಪಟ್ಟರೇ? ಇಲ್ಲ. ನನ್ನ ಪ್ರಸಂಗ ತಪ್ಪಿದ್ದು ಇಲ್ಲಿಯೇ. ಆ ಬಾಂಬು ಯುದ್ಧವನ್ನು ನಿಲ್ಲಿಸಿತು, ನಿಲ್ಲಿಸದಿದ್ದರೆ ಇನ್ನೂ ಹೆಚ್ಚು ಜನ ಸಾಯುತ್ತಿದ್ದರು ಎಂಬುದು ಕೊನೆಯವರೆಗೂ ಅವರ ನಿಲುವು. 1985ರಲ್ಲಿ ಇದೇ ವಿಷಯವಾಗಿ ಒಂದು ಪುಸ್ತಕವನ್ನೂ ಬರೆದರು. ಅಪರಾಧಪ್ರಜ್ಞೆಯಿಂದ ತಾವು ಸೇವೆಗೆ ಇಳಿದದ್ದಲ್ಲವೆಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಆ ಹೊಗೆಯ ಕಂಬ ಅವರಲ್ಲಿ ಹುಟ್ಟಿಸಿದ್ದು ಬೇರೊಂದು ಪ್ರಶ್ನೆ: ಇನ್ನು ಯುದ್ಧವೇ ಆಗದಂತೆ ಬದುಕಿ ಉಳಿದವರು ಮಾಡಬೇಕಾದದ್ದೇನು?

ಧರ್ಮಸಭೆಯ ಬೋಧನೆ ಅವರ ನಿಲುವಿಗಿಂತ ಬೇರೆ ದಿಕ್ಕಿನಲ್ಲಿ ಸಾಗಿತು. ಇಡೀ ನಗರಗಳನ್ನು ನಿವಾಸಿಗಳ ಸಮೇತ ಭೇದವಿಲ್ಲದೆ ನಾಶಮಾಡುವ ಕೃತ್ಯ ದೇವರಿಗೂ ಮನುಷ್ಯನಿಗೂ ಎಸಗಿದ ಅಪರಾಧವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಖಂಡಿಸಿತು. 2019ರ ನವೆಂಬರ್ 24ರಂದು ನಾಗಸಾಕಿ ಹಾಗೂ ಹಿರೋಶಿಮಾಗಳಿಗೆ ಭೇಟಿಯಿತ್ತ ಪೋಪ್ ಫ್ರಾನ್ಸಿಸರು ಅಣ್ವಸ್ತ್ರಗಳನ್ನು ಇಟ್ಟುಕೊಳ್ಳುವುದೂ ಅನೈತಿಕವೆಂದರು. ನಾನು ಧರ್ಮಸಭೆಯ ಮಾತನ್ನೇ ಒಪ್ಪುತ್ತೇನೆ. ಉರಕಾಮಿಯ ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರಿದ್ದವರ ಕಡೆಯಿಂದ ನೋಡಿದರೆ ಚೆಷೈರ್ ಅವರ ಲೆಕ್ಕ ಸರಿಹೋಗುವುದಿಲ್ಲ. ಹಾಗೆಂದು ಅವರ ಬಾಯಲ್ಲಿ ಅವರು ಆಡದ ಪಶ್ಚಾತ್ತಾಪವನ್ನು ತುರುಕುವ ಅಧಿಕಾರ ನನಗಿಲ್ಲ.

ಹಾಗಾದರೆ ಅವರ ಬದುಕು ತಿರುಗಿದ್ದು ಎಲ್ಲಿ? ನನಗೆ ತೋರುವಂತೆ, ಒಂದು ಸೋಲಿನಲ್ಲಿ. 1946ರಲ್ಲಿ ವಾಯುಪಡೆಯಿಂದ ನಿವೃತ್ತರಾದ ಅವರು ಮಾಜಿ ಸೈನಿಕರೂ ಅವರ ಕುಟುಂಬದವರೂ ಒಟ್ಟಿಗೆ ದುಡಿದು ಬಾಳುವ ಒಂದು ಬಡಾವಣೆಯನ್ನು ಕಟ್ಟಲು ಹೊರಟರು. ಹ್ಯಾಂಪ್‌ಶೈರಿನ ‘ಲೆ ಕೋರ್ಟ್’ ಎಂಬ ದೊಡ್ಡ ಬಂಗಲೆಯನ್ನು ಕೊಂಡರು. ಜಗಳ, ಸಾಲ, ಅನಾರೋಗ್ಯ, ಎಲ್ಲವೂ ಕುಸಿದುಬಿತ್ತು. ಯುದ್ಧಕಾಲದ ಅವಸರದ ಮದುವೆಯೂ ಅಷ್ಟರಲ್ಲಿ ಮುರಿದಿತ್ತು. ಸಾವಿರ ಜನರನ್ನು ಮುನ್ನಡೆಸಿದ ವೀರ, ಮೂವತ್ತರ ವಯಸ್ಸಿನಲ್ಲಿ ಖಾಲಿ ಬಂಗಲೆಯೊಂದರ ಸಾಲಗಾರ.

1948ರಲ್ಲಿ ಆಸ್ಪತ್ರೆಯೊಂದರಿಂದ ಕರೆ ಬಂತು. ಆರ್ಥರ್ ಡೈಕ್ಸ್ ಎಂಬಾತ, ಹಿಂದೆ ವಾಯುಪಡೆಯಲ್ಲಿದ್ದವನು, ಲೆ ಕೋರ್ಟಿನಲ್ಲಿ ಹಂದಿ ಸಾಕುವ ಕೆಲಸ ಮಾಡಿದ್ದವನು, ಕ್ಯಾನ್ಸರಿನಿಂದ ಸಾಯುತ್ತಿದ್ದಾನೆ. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಆತನಿಗೆ ಬೇರೆ ಗತಿಯಿಲ್ಲ. ಚೆಷೈರ್ ಆತನಿಗಾಗಿ ಜಾಗ ಹುಡುಕಿದರು. ಎಲ್ಲಿಯೂ ಸಿಗದಿದ್ದಾಗ ತಮ್ಮ ಖಾಲಿ ಬಂಗಲೆಗೇ ಕರೆತಂದರು. ಶುಶ್ರೂಷೆಯ ಗಂಧವೂ ಇಲ್ಲದ ಅವರು ಆತನ ಹಾಸಿಗೆ ಬದಲಿಸಿದರು, ಮಲಮೂತ್ರ ಎತ್ತಿದರು, ಮೈ ಒರೆಸಿದರು, ರಾತ್ರಿ ಕೂಗಿದರೆ ಕೇಳಿಸಲೆಂದು ಹತ್ತಿರದಲ್ಲೇ ಮಲಗಿದರು. ಆರ್ಥರ್ ಕಥೋಲಿಕ, ಬಹುಕಾಲ ದೇವಾಲಯದಿಂದ ದೂರವಿದ್ದು ಆ ದಿನಗಳಲ್ಲಿ ಮರಳಿದ್ದ. ಚೆಷೈರ್‌ಗೆ ಆಗಿನ್ನೂ ಖಚಿತವಾದ ವಿಶ್ವಾಸವಿರಲಿಲ್ಲ. 1945ರಲ್ಲಿ ಲಂಡನ್ನಿನ ಪಾನಗೃಹವೊಂದರ ಹರಟೆಯಲ್ಲಿ ದೇವರೆಂದರೆ ನಮ್ಮೊಳಗಿನ ಮನಸ್ಸಾಕ್ಷಿಯಷ್ಟೇ ಎಂದು ಇವರು ಹೇಳಿದಾಗ, ಪಕ್ಕದಲ್ಲಿದ್ದ ಮಹಿಳೆಯೊಬ್ಬಳು ‘ದೇವರು ಒಬ್ಬ ವ್ಯಕ್ತಿ, ಅದು ನಿಮಗೂ ಗೊತ್ತು’ ಎಂಬರ್ಥದಲ್ಲಿ ತಿರುಗೇಟು ಕೊಟ್ಟಿದ್ದಳಂತೆ. ಆ ಮಾತು ಅವರೊಳಗೆ ಉಳಿದಿತ್ತು. (ಪಾನಗೃಹದಲ್ಲಿ ಬಿದ್ದ ಬೀಜ ಮೊಳೆತದ್ದು ನಮ್ಮಂಥ ಬೋಧಕರು ಸ್ವಲ್ಪ ಯೋಚಿಸಬೇಕಾದ ಸಂಗತಿ.)

ಆ ವರ್ಷದ ಆಗಸ್ಟಿನಲ್ಲಿ ಆರ್ಥರ್ ತೀರಿಕೊಂಡ. ಶವದ ಬಳಿ ಒಬ್ಬರೇ ಕುಳಿತಿದ್ದ ಚೆಷೈರ್, ಅಲ್ಲಿದ್ದ ಪುಸ್ತಕವೊಂದನ್ನು ಕೈಗೆತ್ತಿಕೊಂಡರು. ಆಂಗ್ಲಿಕನ್ ಗುರುವಾಗಿದ್ದು ಕಥೋಲಿಕರಾದ ವರ್ನನ್ ಜಾನ್ಸನ್ ಅವರು ತಮ್ಮ ಆ ಪಯಣದ ಕುರಿತು ಬರೆದ ಗ್ರಂಥ ಅದು. 1948ರ ಕ್ರಿಸ್ತ ಜಯಂತಿಯ ಹಿಂದಿನ ದಿನ ಚೆಷೈರ್ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಅಷ್ಟರಲ್ಲಿ ಆರ್ಥರನ ಹಿಂದೆಯೇ ತೊಂಬತ್ತು ದಾಟಿದ ಮುದುಕಿಯೊಬ್ಬಳು ಬಂದಿದ್ದಳು, ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಯೋಜನೆಯಿಲ್ಲ, ಹಣವಿಲ್ಲ. ಮೊದಲ ಚೆಷೈರ್ ಹೋಮ್ ಆದದ್ದು ಹೀಗೆ. 1952ರಲ್ಲಿ ಅವರಿಗೇ ಕ್ಷಯ ತಗುಲಿತು. ಶ್ವಾಸಕೋಶದ ಶಸ್ತ್ರಚಿಕಿತ್ಸೆಗಳಾಗಿ ಎರಡು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿ ಮಲಗಿದರು. ಮಲಗಿದಲ್ಲಿಂದಲೇ ಪತ್ರ ಬರೆದು ಇನ್ನಷ್ಟು ಮನೆಗಳನ್ನು ಆರಂಭಿಸಿದರು.

ಎದ್ದು ಓಡಾಡುವಂತಾದ ಮೇಲೆ ಅವರು ಬಂದದ್ದು ಭಾರತಕ್ಕೆ. 1950ರ ದಶಕದ ಮಧ್ಯದಲ್ಲಿ ಮುಂಬಯಿಯ ಅಂಧೇರಿಯಲ್ಲಿ ‘ಬೆತ್ಲೆಹೇಮ್ ಹೌಸ್’ ಆರಂಭವಾಯಿತು. ಮುಂದೆ ಬೆಂಗಳೂರೂ ಸೇರಿದಂತೆ ದೇಶದ ಅನೇಕ ನಗರಗಳಲ್ಲಿ ಮನೆಗಳಾದವು. ಇಂಗ್ಲೆಂಡಿನಿಂದ ಹಣ ಸುರಿದು ಕಟ್ಟುವುದಕ್ಕಿಂತ ಆಯಾ ಊರಿನವರೇ, ಎಲ್ಲ ಮತಗಳವರೂ ಕೂಡಿ, ಸಮಿತಿ ಮಾಡಿಕೊಂಡು ನಡೆಸಬೇಕೆಂಬುದು ಅವರ ಕ್ರಮ. 1959ರ ಏಪ್ರಿಲ್ 5ರಂದು ಮುಂಬಯಿಯಲ್ಲಿಯೇ ಅವರು ಸ್ಯೂ ರೈಡರ್ ಅವರನ್ನು ವಿವಾಹವಾದರು. ಆಕೆ ನಾಜಿ ಸೆರೆಶಿಬಿರಗಳಲ್ಲಿ ಬದುಕುಳಿದವರ ಸೇವೆಗೆ ತಮ್ಮನ್ನು ಕೊಟ್ಟುಕೊಂಡಿದ್ದ ಮಹಿಳೆ. ದಂಪತಿಗಳಿಬ್ಬರೂ ಸೇರಿ ಡೆಹ್ರಾಡೂನಿನಲ್ಲಿ ಕುಷ್ಠರೋಗಿಗಳಿಗೂ ಬುದ್ಧಿಮಾಂದ್ಯ ಮಕ್ಕಳಿಗೂ ಆಶ್ರಯವಾದ ‘ರಫಾಯೆಲ್’ ಕೇಂದ್ರವನ್ನು ಸ್ಥಾಪಿಸಿದರು. ತೋಬಿತನ ಗ್ರಂಥವನ್ನು ಓದಿದವರಿಗೆ ಆ ಹೆಸರಿನ ಅರ್ಥ ಗೊತ್ತು: ದೇವರು ಗುಣಪಡಿಸುತ್ತಾರೆ.

ಕೊನೆಯ ವರ್ಷಗಳಲ್ಲಿ ಚೆಷೈರ್ ಅವರಿಗೆ ಬಂದದ್ದು ನರಗಳು ಸಾಯುತ್ತ ಕೈಕಾಲು, ಮಾತು, ಉಸಿರು ಒಂದೊಂದಾಗಿ ಸೋಲುವ ಮೋಟಾರ್ ನ್ಯೂರಾನ್ ಕಾಯಿಲೆ. ಅವರ ಮನೆಗಳಲ್ಲಿ ಆಶ್ರಯ ಪಡೆದ ಅದೆಷ್ಟೋ ಮಂದಿಗೆ ಇದ್ದ ಕಾಯಿಲೆಯೇ ಅದು. ಅಂಗವಿಕಲರ ಪರವಾಗಿ ನಲವತ್ತು ವರ್ಷ ಮಾತಾಡಿದ ತಾನು ಈಗ ಅವರಲ್ಲಿ ಒಬ್ಬನಾದೆ ಎಂದು ಅದನ್ನು ಅವರು ಸ್ವೀಕರಿಸಿದರು. 1992ರ ಜುಲೈ 31ರಂದು, 74ನೆಯ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರಿಸಿದರು. ಸಫಕ್ ಪ್ರಾಂತದ ಕ್ಯಾವೆಂಡಿಶ್ ಎಂಬ ಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಆ ವರ್ಷ ಇಂಗ್ಲೆಂಡಿನ ರಾಣಿ ಎಲಿಜಬೆತ್ ಅವರ ಪಾಲಿಗೆ ಕಷ್ಟದ ವರ್ಷ. ಮಕ್ಕಳ ಸಂಸಾರಗಳು ಒಡೆದಿದ್ದವು, ಅರಮನೆಗೆ ಬೆಂಕಿ ಬಿದ್ದಿತ್ತು. ಕ್ರಿಸ್ತ ಜಯಂತಿಯಂದು ದೇಶಕ್ಕೆ ನೀಡಿದ ಸಂದೇಶದಲ್ಲಿ ಆಕೆ ನೆನೆದದ್ದು ಚೆಷೈರ್ ಅವರನ್ನು. ಸಾವಿಗೆ ಸ್ವಲ್ಪ ಮೊದಲು ಸಮಾರಂಭವೊಂದರಲ್ಲಿ ಅವರನ್ನು ಕಂಡಿದ್ದರಂತೆ. ಆ ಸ್ಥಿತಿಯಲ್ಲಿಯೂ ಅವರು ತಮ್ಮ ಕಾಯಿಲೆಯ ಬಗ್ಗೆ ಒಂದು ಮಾತನ್ನೂ ಎತ್ತದೆ, ಇತರರಿಗಾಗಿ ಇನ್ನು ಏನೇನು ಮಾಡಬೇಕೆಂದಿದ್ದೇನೆ ಎಂಬುದನ್ನಷ್ಟೇ ಹೇಳುತ್ತಿದ್ದರು ಎಂದು ರಾಣಿ ನೆನಪಿಸಿಕೊಂಡರು.